ಕಡಲ ಪಿಚಕಾರಿ ಕೆನಡಾಕ್ಕೆ ಹೋದದ್ದು ಹೇಗೆ?

ಪ್ರಶ್ನೆ: ನನ್ನ ಮಗಳು ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿನಲ್ಲಿ ಓದುತ್ತಿದ್ದಾಳೆ. ಅಲ್ಲಿನ ದಕ್ಕೆಯಲ್ಲಿ ನೀರಿಗೆ ಇಳಿಬಿಟ್ಟ ಹಗ್ಗಕ್ಕೆ ಕಂದು ಬಣ್ಣದ, ಚರ್ಮದ ಚೀಲದಂಥ ವಸ್ತು ಗೊಂಚಲು ಗೊಂಚಲಾಗಿ ಅಂಟಿತ್ತಂತೆ. ಒಂದನ್ನು ಹಿಸುಕಿದಳು, ಮುಖಕ್ಕೇ ನೀರು ಚಿಮ್ಮಿತು. ಪಕ್ಕದಲ್ಲಿ ‘ಇದು ಹೊರಗಿನಿಂದ ಬಂದ ಜೀವಿ, ದೋಣಿ ತೊಳೆಯಿರಿ’ ಎಂಬ ಅರ್ಥದ ಬೋರ್ಡು ಇತ್ತಂತೆ. ಇದು ಗಿಡವೋ ಪ್ರಾಣಿಯೋ? ಏಷ್ಯಾದ್ದು ಅಲ್ಲಿಗೆ ಹೇಗೆ ಹೋಯಿತು? ಕಿತ್ತು ಬಿಸಾಡಿದರೆ ಮುಗಿಯಲ್ವಾ? ನಮ್ಮ ಮಲ್ಪೆಗೂ ಬರುತ್ತಾ? ತಿನ್ನಬಹುದಾ ಅಂತ ಅವಳು ಬೇರೆ ಕೇಳುತ್ತಿದ್ದಾಳೆ. (ಉಡುಪಿಯ ಓದುಗರು)

ಉತ್ತರ: ಮುಂದಿನ ಸಲ ಹಿಸುಕುವಾಗ ಮುಖ ಆಚೆ ತಿರುಗಿಸಿಕೋ ಅಂತ ಮೊದಲು ಮಗಳಿಗೆ ಹೇಳಿ. ಕಾರವಾರದಲ್ಲಿ ಓದುವಾಗ ನಾವು ಮರದ ಹಲಗೆಗಳನ್ನು ನೀರಿಗೆ ಇಳಿಬಿಟ್ಟು, ತಿಂಗಳಿಗೊಮ್ಮೆ ಎತ್ತಿ, ಏನೇನು ಅಂಟಿದೆ ಅಂತ ಎಣಿಸುತ್ತಿದ್ದೆವು. ಆಗ ಇದರ ದಾಯಾದಿಯೊಂದು ನನ್ನ ಕಣ್ಣಿಗೇ ಪಿಚಕಾರಿ ಹೊಡೆದಿತ್ತು. ಉಪ್ಪುನೀರು ಅಷ್ಟೇ, ಏನೂ ಆಗಲಿಲ್ಲ. ಇಂಗ್ಲಿಷಿನಲ್ಲಿ ಇಡೀ ಗುಂಪಿಗೇ ಸೀ ಸ್ಕ್ವರ್ಟ್ ಅಂತ ಹೆಸರು. ಕನ್ನಡದಲ್ಲಿ ನಾನು ಕಡಲ ಪಿಚಕಾರಿ ಅಂತ ಕರೆಯುತ್ತೇನೆ. ಹೆಸರು ನಾನೇ ಕಟ್ಟಿಕೊಂಡದ್ದು, ನಿಮಗೆ ಇದಕ್ಕಿಂತ ಚೆನ್ನಾದದ್ದು ಹೊಳೆದರೆ ಹೇಳಿ.

ಮಗಳು ನೋಡಿದ್ದು ಪ್ರಾಣಿ. ಅದೂ ಎಂಥ ಪ್ರಾಣಿ ಅಂದರೆ, ಅದೇ ಹಗ್ಗದಲ್ಲಿ ಪಕ್ಕಪಕ್ಕದಲ್ಲೇ ಇರುವ ಚಿಪ್ಪು, ಏಡಿ, ಸಿಗಡಿ ಇವೆಲ್ಲವಕ್ಕಿಂತ ನಮಗೇ ಹತ್ತಿರದ ನೆಂಟ. ನಂಬೋದು ಕಷ್ಟ, ಗೊತ್ತು. ಮೊಟ್ಟೆಯಿಂದ ಹೊರಬಂದಾಗ ಇದು ಗೊದಮೊಟ್ಟೆಯ ಹಾಗೆ ಬಾಲ ಆಡಿಸುತ್ತಾ ಈಜುತ್ತದೆ. ಬಾಲದೊಳಗೆ ಬೆನ್ನುಮೂಳೆಯ ಪೂರ್ವಜ ಅನ್ನಬಹುದಾದ ಒಂದು ಸರಳು ಇರುತ್ತದೆ, ಅದೇ ನೋಟೊಕಾರ್ಡ್. 1866ರಲ್ಲಿ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಇವನ್ನು ಚಿಪ್ಪುಜೀವಿಗಳ ಸಾಲಿಗೆ ಸೇರಿಸಿಟ್ಟಿದ್ದರು. ಸರಿ, ಈ ಮರಿ ಒಂದು ದಿನದೊಳಗೆ ಗಟ್ಟಿಯಾದ ಜಾಗ ಹುಡುಕಿ, ತಲೆ ಕೆಳಗಾಗಿ ಅಂಟಿಕೊಂಡು, ತನ್ನ ಬಾಲವನ್ನೂ ಸರಳನ್ನೂ ಮಿದುಳಿನಂಥದ್ದರ ಬಹುಪಾಲನ್ನೂ ಕರಗಿಸಿಕೊಂಡು ಚೀಲವಾಗಿ ಕೂತುಬಿಡುತ್ತದೆ. ಆಮೇಲೆ ಜೀವನಪೂರ್ತಿ ಒಂದೇ ಕೆಲಸ. ಒಂದು ತೂತಿನಿಂದ ನೀರು ಎಳೆದುಕೊಳ್ಳೋದು, ಅದರಲ್ಲಿರುವ ಸೂಕ್ಷ್ಮ ಪಾಚಿ ಸೋಸಿ ತಿನ್ನೋದು, ಇನ್ನೊಂದು ತೂತಿನಿಂದ ಹೊರಗೆ ಬಿಡೋದು. ಹೊರಗಿನ ಆ ಚರ್ಮದಂಥ ಹೊದಿಕೆಯಲ್ಲಿ ಸೆಲ್ಯುಲೋಸ್ ಇದೆ. ಹೌದು, ಮರದಲ್ಲಿ, ಹತ್ತಿಯಲ್ಲಿ ಇರುವ ಅದೇ ಸೆಲ್ಯುಲೋಸ್. ಪ್ರಾಣಿಗಳಲ್ಲಿ ಅದನ್ನು ಸ್ವಂತ ಮೈಯಲ್ಲೇ ತಯಾರಿಸುವುದು ಈ ಗುಂಪು ಮಾತ್ರ. ಹಾಗಾಗಿ ಗಿಡವೋ ಪ್ರಾಣಿಯೋ ಅಂತ ಗೊಂದಲವಾದದ್ದು ನಿಮ್ಮ ಮಗಳ ತಪ್ಪೇನಲ್ಲ.

ನಿಮ್ಮ ಮನೆಯಲ್ಲಿ ಬಿಎಸ್‌ಸಿ ಪ್ರಾಣಿಶಾಸ್ತ್ರ ಓದಿದವರು ಇದ್ದರೆ ‘ಹರ್ಡ್‌ಮೇನಿಯಾ’ ಅಂದು ನೋಡಿ. ನಿಟ್ಟುಸಿರು ಬಿಡುತ್ತಾರೆ. ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಅದರ ಚಿತ್ರ ಬರೆದು ಬರೆದು ಸುಸ್ತಾದ ತಲೆಮಾರುಗಳೇ ಇವೆ. ಅದೂ ಕಡಲ ಪಿಚಕಾರಿಯೇ. ಅದಕ್ಕೆ ಆ ಹೆಸರು ಬಂದದ್ದು ವಿಲಿಯಂ ಹರ್ಡ್‌ಮನ್ ಎಂಬ ವಿಜ್ಞಾನಿಯಿಂದ. ನಿಮ್ಮ ಮಗಳು ನೋಡಿದ ಜಾತಿಗೆ 1881ರಲ್ಲಿ ಹೆಸರಿಟ್ಟವರೂ ಅವರೇ. ಚಾಲೆಂಜರ್ ಹಡಗು ಲೋಕ ಸುತ್ತಿ ತಂದ ಮಾದರಿಗಳನ್ನು ಮುಂದಿಟ್ಟುಕೊಂಡು ಅವರು ಕೊಟ್ಟ ಹೆಸರು ಸ್ಟಯೇಲಾ ಕ್ಲಾವಾ. ಕ್ಲಾವಾ ಅಂದರೆ ಲ್ಯಾಟಿನ್‌ನಲ್ಲಿ ಗದೆ. ಕೆಳಗೆ ಸಪೂರ ತೊಟ್ಟು, ಮೇಲೆ ದಪ್ಪ ತಲೆ, ಮೈತುಂಬ ಗಂಟುಗಂಟು. ನಿಜಕ್ಕೂ ಬೆರಳುದ್ದದ ಗದೆಯೇ. ಚೆನ್ನಾಗಿ ಬೆಳೆದರೆ 15 ಸೆಂಟಿಮೀಟರ್ ದಾಟುತ್ತದೆ.

ಇದರ ತವರು ವಾಯವ್ಯ ಪೆಸಿಫಿಕ್. ಅಂದರೆ ಜಪಾನ್, ಕೊರಿಯಾ, ಉತ್ತರ ಚೀನಾ, ಮೇಲೆ ರಷ್ಯಾದ ಓಖೋಟ್‌ಸ್ಕ್ ಸಮುದ್ರದವರೆಗೆ. ಅಲ್ಲಿಂದ ಕೆನಡಾದ ಪೂರ್ವ ದಂಡೆಗೆ ಎಷ್ಟು ದೂರ ಅಂತ ಒಮ್ಮೆ ಗ್ಲೋಬ್ ತಿರುಗಿಸಿ ನೋಡಿ.

ಇಲ್ಲಿ ಒಂದು ವಿಷಯ ಹಿಡಿದುಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಈ ಪ್ರಾಣಿಗೆ ಪ್ರಯಾಣ ಬರುವುದಿಲ್ಲ. ಮೊಟ್ಟೆ, ಮರಿ ಎಲ್ಲ ಸೇರಿ ನೀರಿನಲ್ಲಿ ತೇಲುವುದು ಒಂದೆರಡು ದಿನ ಮಾತ್ರ. ಅಷ್ಟರಲ್ಲಿ ಹೊಳೆಯ ಈ ದಡದಿಂದ ಆ ದಡಕ್ಕೆ ಹೋಗಬಹುದು, ಪಕ್ಕದ ಕೊಲ್ಲಿಗೂ ಹೋಗಬಹುದು. ಮಹಾಸಾಗರ ದಾಟಲು ಆಗುವುದಿಲ್ಲ. ಅಂದಮೇಲೆ ಲೋಕದ ಯಾವ ಮೂಲೆಯಲ್ಲಿ ಇದು ಹೊಸದಾಗಿ ಕಂಡರೂ, ಹೊತ್ತು ತಂದವರು ನಾವೇ. ಹಡಗಿನ ಅಡಿಯಲ್ಲಿ ಅಂಟಿಕೊಂಡು ಬಂದಿರಬೇಕು, ಇಲ್ಲವೇ ಸಾಕಲು ತಂದ ಸಿಂಪಿ ಬೀಜದ, ಅಂದರೆ ಎಳೆಯ ಸಿಂಪಿಗಳ ಜೊತೆ ಬಂದಿರಬೇಕು. ಇವೆರಡೇ ದೊಡ್ಡ ದಾರಿಗಳು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದ ಆರಂಭದಲ್ಲೇ ಇದು ಕಂಡಿತ್ತು. ಆ ಕಾಲಕ್ಕೆ ಜಪಾನಿನಿಂದ ಅಲ್ಲಿಗೆ ಸಿಂಪಿ ಬೀಜ ಪೆಟ್ಟಿಗೆಗಟ್ಟಲೆ ಹೋಗುತ್ತಿತ್ತು. ಯುರೋಪಿನ ಕತೆ ಇನ್ನೂ ಸ್ವಾರಸ್ಯದ್ದು. 1953ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಹತ್ತಿರ ಇದು ಸಿಕ್ಕಿತು. ಪ್ಲಿಮತ್ ಅಂದರೆ ಸಾಮಾನ್ಯ ಊರಲ್ಲ. ಒಂದು ಕಡೆ ಬ್ರಿಟಿಷ್ ನೌಕಾಪಡೆಯ ದೊಡ್ಡ ನೆಲೆ, ಇನ್ನೊಂದು ಕಡೆ ಹೆಸರುವಾಸಿ ಕಡಲಜೀವಿ ಪ್ರಯೋಗಾಲಯ. ಅಲ್ಲಿನ ವಿಜ್ಞಾನಿಗಳು ತಮ್ಮ ಕೊಲ್ಲಿಯ ಒಂದೊಂದು ಹುಳವನ್ನೂ ಬಲ್ಲವರು. ಇದು ಅವರಿಗೆ ಹೊಸದಾಗಿ ಕಂಡಿತು, ಹಾಗಾಗಿ ಲೋಕಕ್ಕೇ ಹೊಸ ಜಾತಿ ಅಂದುಕೊಂಡು 1954ರಲ್ಲಿ ಬೇರೆಯದೇ ಹೆಸರಿಟ್ಟರು! ಕೆಲವು ವರ್ಷ ಕಳೆದ ಮೇಲೆ ಗೊತ್ತಾಯಿತು, ಅದು ಹರ್ಡ್‌ಮನ್ ಆಗಲೇ ಹೆಸರಿಟ್ಟಿದ್ದ ಏಷ್ಯಾದ ಗದೆ ಅಂತ. ನನಗೆ ಈ ಎಡವಟ್ಟು ಬಹಳ ಇಷ್ಟ. ಪರದೇಶದಿಂದ ಬಂದವನನ್ನು ಬಾಗಿಲಲ್ಲಿ ಕಂಡು, ನಮ್ಮ ಮನೆಯಲ್ಲೇ ಹುಟ್ಟಿದ ಕೂಸು ಅಂತ ನಾಮಕರಣ ಮಾಡಿಬಿಟ್ಟ ಹಾಗಾಯಿತು.

ಅಲ್ಲಿಗೆ ಬಂದದ್ದು ಹೇಗೆ? 1950ರಿಂದ 1953ರವರೆಗೆ ಕೊರಿಯಾ ಯುದ್ಧ. ಬ್ರಿಟಿಷ್ ಯುದ್ಧನೌಕೆಗಳು ಕೊರಿಯಾದ ಸುತ್ತಮುತ್ತ ತಿಂಗಳುಗಟ್ಟಲೆ ಲಂಗರು ಹಾಕಿ ನಿಂತು, ಆಮೇಲೆ ಊರಿಗೆ ಮರಳಿದವು. ಅವುಗಳ ಅಡಿಯಲ್ಲಿ ಇದೂ ಬಂತು ಅಂತ ವಿಜ್ಞಾನಿಗಳ ಊಹೆ. ಕಣ್ಣಾರೆ ಕಂಡವರಿಲ್ಲ, ಆದರೆ ಕಾಲ, ಜಾಗ ಎರಡೂ ಎಷ್ಟು ಸರಿಯಾಗಿ ಕೂಡಿಬರುತ್ತವೆ ಅಂದರೆ ನಾನಂತೂ ಒಪ್ಪುತ್ತೇನೆ.

ಪ್ಲಿಮತ್‌ನಿಂದ ಮುಂದೆ ಅವಸರವೇನೂ ಇರಲಿಲ್ಲ. 1968ಕ್ಕೆ ಫ್ರಾನ್ಸಿನ ದಿಯೆಪ್, 1970ರ ದಶಕದಲ್ಲಿ ಐರ್ಲೆಂಡಿನ ಕಾರ್ಕ್, ನೆದರ್ಲೆಂಡ್ಸ್, ಡೆನ್ಮಾರ್ಕ್. ಅದೇ ದಶಕದಲ್ಲಿ ಅಮೆರಿಕದ ಮೆಸಾಚುಸೆಟ್ಸ್, ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ಪೋರ್ಟ್ ಫಿಲಿಪ್ ಕೊಲ್ಲಿ. 1998ಕ್ಕೆ ನಿಮ್ಮ ಮಗಳು ಇರುವ ದ್ವೀಪ. 2005ರಲ್ಲಿ ಒಂದೇ ವರ್ಷ ಎರಡು ಕಡೆ ಗೊತ್ತಾಯಿತು: ದಕ್ಷಿಣ ಫ್ರಾನ್ಸಿನಲ್ಲಿ ಸಿಂಪಿ ಸಾಕುವ ಥೋ ಸರೋವರ, ಮತ್ತು ನ್ಯೂಜಿಲೆಂಡಿನ ಆಕ್ಲೆಂಡ್ ನಡುವೆ ಇರುವ ವಯಡಕ್ಟ್ ಬಂದರು. ಆಕ್ಲೆಂಡಿನಲ್ಲಿ ಕಂಡದ್ದು 2005, ಬಂದದ್ದು ಮಾತ್ರ ಅದಕ್ಕೂ ಮೊದಲೇ. ಹುಡುಕುತ್ತಾ ಹೋದರೆ ಪಕ್ಕದ ಹೌರಾಕಿ ಕೊಲ್ಲಿಯ ಹಲವು ಕಡೆ ಆಗಲೇ ಸಂಸಾರ ಹೂಡಿತ್ತು, ದೂರದ ದಕ್ಷಿಣ ದ್ವೀಪದ ಲಿಟಲ್‌ಟನ್ ಬಂದರಿನಲ್ಲೂ ಇತ್ತು. ಇಷ್ಟು ಹರಡಿದ್ದನ್ನು ಬುಡಸಮೇತ ಕೀಳುವುದು ಆಗದ ಮಾತು ಅಂತ ಸರ್ಕಾರ ಕೈಬಿಟ್ಟಿತು. ಈ ಪ್ರಾಣಿಯ ಕತೆಯಲ್ಲಿ ಪದೇಪದೇ ಆಗುವುದೇ ಇದು. ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರಿರುತ್ತದೆ.

ಹಡಗು ಅಂದ ತಕ್ಷಣ ದೊಡ್ಡ ಕಂಟೇನರ್ ಹಡಗನ್ನೇ ಬೈಯಬೇಡಿ. ಅದು ವೇಗವಾಗಿ ಓಡುತ್ತದೆ, ಬಂದರಿನಲ್ಲಿ ಒಂದೆರಡು ದಿನವೂ ನಿಲ್ಲುವುದಿಲ್ಲ, ಅಡಿಗೆ ಬಣ್ಣ ಸರಿಯಾಗಿ ಹೊಡೆದಿರುತ್ತದೆ. ಅದರಲ್ಲೂ ಒಂದು ಗುಟ್ಟಿನ ಜಾಗ ಇದೆ ಬಿಡಿ. ಎಂಜಿನ್ ತಂಪು ಮಾಡಲು ನೀರು ಎಳೆದುಕೊಳ್ಳುವ ಕಡೆ ಅಡಿಯಲ್ಲಿ ಜಾಲರಿ ಹಾಕಿದ ಒಂದು ಗೂಡು ಇರುತ್ತದೆ. ಅಲ್ಲಿ ನೀರಿನ ಹೊಡೆತ ಇಲ್ಲ, ಹೊಸ ನೀರು ಬರುತ್ತಲೇ ಇರುತ್ತದೆ, ಅಂಟುಜೀವಿಗಳಿಗೆ ಎಸಿ ಕೋಚಿನ ಪ್ರಯಾಣ ಇದ್ದ ಹಾಗೆ. ಆದರೆ ನಿಜವಾದ ತಲೆನೋವು ನಿಧಾನದ ಬಾರ್ಜ್‌ಗಳು, ಮತ್ತು ಮರೀನಾದಲ್ಲಿ, ಅಂದರೆ ಖಾಸಗಿ ದೋಣಿಗಳ ತಂಗುದಾಣದಲ್ಲಿ, ಎಂಟು ತಿಂಗಳು ಸುಮ್ನೆ ನಿಂತು ಬೇಸಿಗೆಯಲ್ಲಿ ಊರೂರು ಸುತ್ತುವ ಶೋಕಿ ದೋಣಿಗಳು. ನಿಂತಾಗ ಅಂಟುತ್ತದೆ, ಹೊರಟಾಗ ಬೀಳುವುದಿಲ್ಲ, ಸೇರಿದ ಊರಿನಲ್ಲಿ ಮೊಟ್ಟೆ ಬಿಡುತ್ತದೆ. ಒಂದೇ ಮೈಯಲ್ಲಿ ಗಂಡೂ ಹೆಣ್ಣೂ ಎರಡೂ ಇರುವ ಪ್ರಾಣಿ ಇದು. ಹತ್ತಿರ ಹತ್ತಿರ ನಾಲ್ಕಾರು ಇದ್ದರೂ ಸಂಸಾರ ಶುರು.

ಹಿಂದೆ ದೋಣಿಯ ಅಡಿಗೆ ಟಿಬಿಟಿ ಎಂಬ ತವರದ ರಾಸಾಯನಿಕ ಸೇರಿಸಿದ ಬಣ್ಣ ಹೊಡೆಯುತ್ತಿದ್ದರು. ಏನೂ ಅಂಟುತ್ತಿರಲಿಲ್ಲ, ಅಂಥ ವಿಷ. ಆದರೆ ಅದು ನೀರಿಗೆ ಇಳಿದು ಫ್ರಾನ್ಸಿನ ಆರ್ಕಶೋಂ ಕೊಲ್ಲಿಯ ಸಿಂಪಿಗಳನ್ನು ಹಾಳುಮಾಡಿತು, ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಸಿತು. 2008ರಿಂದ ಅದಕ್ಕೆ ಅಂತರರಾಷ್ಟ್ರೀಯ ನಿಷೇಧ ಬಂತು. ನಿಷೇಧ ಸರಿಯೇ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗಿನ ತಾಮ್ರದ ಬಣ್ಣ ಅಷ್ಟು ಗಟ್ಟಿಗನಲ್ಲ, ಹೊತ್ತಿಗೆ ಸರಿಯಾಗಿ ಹೊಸದಾಗಿ ಹೊಡೆಯಬೇಕು. ದುಡ್ಡು ಉಳಿಸಲು ಒಂದು ವರ್ಷ ಮುಂದೂಡುವ ದೋಣಿ ಮಾಲೀಕರು ಎಲ್ಲ ದೇಶದಲ್ಲೂ ಇದ್ದಾರೆ. ನ್ಯೂಜಿಲೆಂಡಿನವರು ಕೆಟ್ಟ ಮೇಲೆ ಬುದ್ಧಿ ಕಲಿತರು. 2018ರಿಂದ ಹೊರದೇಶದ ಯಾವ ಹಡಗೇ ಬರಲಿ, ಅಡಿ ಶುಚಿಯಾಗಿರಲೇಬೇಕು ಅಂತ ಕಾನೂನು ಮಾಡಿದ್ದಾರೆ. ಇಡೀ ದೇಶಕ್ಕೆ ಅಂಥ ಕಾನೂನು ತಂದವರಲ್ಲಿ ಅವರೇ ಮೊದಲಿಗರು.

ಈಗ ನಿಮ್ಮ ಮಗಳ ದ್ವೀಪಕ್ಕೆ ಬರೋಣ. ಕೆನಡಾದಲ್ಲಿ ಬೆಳೆಯುವ ಮಸೆಲ್ ಇದೆಯಲ್ಲ, ಅಂದರೆ ನಮ್ಮ ಪಚ್ಚಿಲೆಯ ನೀಲಿ ಬಣ್ಣದ ದಾಯಾದಿ, ಅದರಲ್ಲಿ ನೂರಕ್ಕೆ ಸುಮಾರು 80 ಪಾಲು ಆ ಪುಟ್ಟ ದ್ವೀಪದ್ದೇ. ಬಲೆಯ ಉದ್ದ ಚೀಲಗಳಲ್ಲಿ ಮರಿ ತುಂಬಿ, ನೀರಿನಲ್ಲಿ ಸಾಲಾಗಿ ಕಟ್ಟಿದ ಹಗ್ಗಗಳಿಂದ ಇಳಿಬಿಡುತ್ತಾರೆ. ನಮ್ಮ ಪಿಚಕಾರಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಬಂಡೆಯ ಮೇಲೆ ಕೂತರೆ ಏಡಿ, ಸಣ್ಣ ಶಂಖದ ಹುಳುಗಳು ತೆವಳಿಕೊಂಡು ಬಂದು ಎಳೆಯದರಲ್ಲೇ ತಿಂದು ಮುಗಿಸುತ್ತವೆ. ನೀರಿನ ನಡುವೆ ತೂಗುವ ಹಗ್ಗಕ್ಕೆ, ತೇಲುವ ದಕ್ಕೆಗೆ ಅವು ತೆವಳಿಕೊಂಡು ಬರಲಾರವು. ಹೊಸ ಊರಿನಲ್ಲಿ ಇದು ಯಾವಾಗಲೂ ಮರೀನಾದಲ್ಲಿ, ಸಾಕಣೆ ಹಗ್ಗದಲ್ಲಿ ಮೊದಲು ಕಾಣಲು ಅದೇ ಕಾರಣ. ನೆಲಕ್ಕೆ ತಾಗದ ಮನೆ ನಾವೇ ಕಟ್ಟಿಕೊಟ್ಟಿದ್ದೇವೆ.

ಒಂದು ಚದರ ಮೀಟರಿಗೆ ನೂರಾರು, ಕೆಲವು ಕಡೆ ಸಾವಿರಕ್ಕೂ ಜಾಸ್ತಿ. ಮಸೆಲ್ ತಿನ್ನುವ ಪಾಚಿಯನ್ನೇ ಇದೂ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಕಾಟ ಭಾರ. ಹಗ್ಗ ಜಗ್ಗುತ್ತದೆ, ಚೀಲ ಎತ್ತುವಾಗ ಮಸೆಲ್ ಉದುರುತ್ತದೆ, ದಡಕ್ಕೆ ತಂದ ಮೇಲೆ ಒಂದೊಂದನ್ನೂ ಬಿಡಿಸಿ ತೊಳೆಯುವ ಕೂಲಿ ಬೇರೆ. ಮಸೆಲ್‌ಗೆ ಸಿಗುವ ಬೆಲೆ ಅಷ್ಟೇ, ಖರ್ಚು ಮಾತ್ರ ಏರುತ್ತದೆ. ನಮ್ಮ ಕೃಷಿಕರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕಿತ್ತು ಬಿಸಾಡಿದರೆ ಮುಗಿಯಲ್ವಾ ಅಂದಿರಿ. ಎಲ್ಲಿಗೆ ಬಿಸಾಡುತ್ತೀರಿ ಅನ್ನುವುದರ ಮೇಲೆ ಇದೆ. ನೀರಿಗೇ ಎಸೆದರೆ ಏನು ಪ್ರಯೋಜನ? ದಡಕ್ಕೆ ಹಾಕಿದರೂ ತಂಪಾಗಿ, ತೇವವಾಗಿ ಇದ್ದರೆ ಒಂದೆರಡು ದಿನ ಬದುಕುತ್ತದೆ. ಒದ್ದೆ ಹಗ್ಗ ಸುರುಳಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಪಕ್ಕದ ಕೊಲ್ಲಿಗೆ ಹೋದರೆ ಸಾಕು, ಅದೂ ಜೊತೆಗೆ ಬಂತು. ಅಲ್ಲಿನ ರೈತರು ವಿನೆಗರ್ ಸಿಂಪಡಿಸಿ ನೋಡಿದರು, ಸುಣ್ಣದ ನೀರಿನಲ್ಲಿ ಹಗ್ಗ ಅದ್ದಿ ನೋಡಿದರು. ಉಪಾಯ ಸರಳ: ಉರಿ ತಾಗಿದ ಕೂಡಲೇ ಮಸೆಲ್ ಬಾಗಿಲು ಮುಚ್ಚಿಕೊಳ್ಳುತ್ತದೆ, ಪಿಚಕಾರಿಗೆ ಬಾಗಿಲೇ ಇಲ್ಲ. ಸ್ವಲ್ಪ ಹೊತ್ತು ಜಾಸ್ತಿ ಆದರೆ ಮಸೆಲ್ಲೂ ಸಾಯುತ್ತದೆ, ಹಾಗಾಗಿ ಅಳತೆ ತಪ್ಪುವಂತಿಲ್ಲ.

ಇಷ್ಟರಲ್ಲಿ ಆ ದ್ವೀಪದಲ್ಲಿ ಒಂದು ವಿಚಿತ್ರ ನಡೆಯಿತು. 2004ರಲ್ಲಿ ಇನ್ನೊಂದು ಪಿಚಕಾರಿ ಬಂತು, ಸಿಯೋನಾ ಅಂತ. ಗಾಜಿನಂತೆ ತೆಳ್ಳಗೆ, ಲೋಳೆ ಲೋಳೆ. ಬಂದ ಕೆಲವೇ ವರ್ಷಗಳಲ್ಲಿ ಕೆಲವು ಹೊಳೆಬಾಯಿಗಳಲ್ಲಿ ಅದು ನಮ್ಮ ಗದೆಯನ್ನೇ ಮೂಲೆಗೆ ತಳ್ಳಿ ತಾನೇ ತುಂಬಿಕೊಂಡಿತು. ಬಾಡಿಗೆದಾರನ ಕಾಟ ತಪ್ಪಿತು ಅನ್ನುವಷ್ಟರಲ್ಲಿ ಅವನಪ್ಪ ಬಂದ ಹಾಗೆ. ಒಂದೇ ಸಮಾಧಾನ, ಅದರ ಮೈ ಮೆತ್ತಗೆ. ಜೋರು ಒತ್ತಡದಲ್ಲಿ ನೀರು ಹೊಡೆದರೆ ಒಡೆದು ಹೋಗುತ್ತದೆ. ಗದೆಯ ಚರ್ಮ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ನಿಮ್ಮ ಮಗಳು ಹೇಳಿದ ಚರ್ಮದ ಚೀಲದ ವರ್ಣನೆಯಿಂದಲೇ ಅವಳು ನೋಡಿದ್ದು ಸಿಯೋನಾ ಅಲ್ಲ, ಗದೆ ಅಂದುಕೊಂಡೆ. ಫೋಟೋ ಇದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಬುಡಸಮೇತ ಕಿತ್ತ ಉದಾಹರಣೆ ಇದೆಯಾ ಅಂತ ಕೇಳಬಹುದು. ಇದರ ಇನ್ನೊಂದು ನೆಂಟನ ಮೇಲೆ ವೇಲ್ಸ್‌ನ ಹೋಲಿಹೆಡ್ ಬಂದರಿನಲ್ಲಿ ಮಾಡಿದ ಹೋರಾಟ ಕೇಳಿ. ಡೈಡೆಮ್ನಮ್ ಅಂತ ಹೆಸರು, ಕಂಬಳಿಯ ಹಾಗೆ ಹರಡುವ ಜಾತಿ, ವಾಂತಿ ಚೆಲ್ಲಿದ ಹಾಗೆ ಕಾಣುತ್ತದೆ ಅಂತ ಅಲ್ಲಿನವರೇ ಬೈಯುತ್ತಾರೆ. 2008ರಲ್ಲಿ ಕಂಡಿತು. ಒಂದೇ ಮರೀನಾ, ಇನ್ನೂ ಹರಡಿಲ್ಲ. ತೇಲುವ ದಕ್ಕೆಯ ಒಂದೊಂದು ತುಂಡಿಗೂ ಪ್ಲಾಸ್ಟಿಕ್ ಚೀಲ ತೊಡಿಸಿ ಕಟ್ಟಿದರು. ಒಳಗಿನ ನೀರಿನಲ್ಲಿ ಉಸಿರು ಮುಗಿದು ಸಾಯಬೇಕು ಅಂತ ಲೆಕ್ಕ. ಬೇಗ ಆಗಲಿ ಅಂತ ಕ್ಲೋರಿನ್ ಪುಡಿಯನ್ನೂ ಹಾಕಿದರು. ಒಂದು ಚಳಿಗಾಲವಿಡೀ ದುಡಿದು ಗೆದ್ದೆವು ಅಂದುಕೊಂಡರು. ಮುಂದಿನ ಬೇಸಿಗೆಯಲ್ಲಿ ಮತ್ತೆ ಬೆರಳಗಲದ ತೇಪೆಗಳು ಕಂಡವು. ಡೈಡೆಮ್ನಮ್‌ನ ಚೂರು ಉಳಿದರೂ ಸಾಕು, ಅದರಿಂದಲೇ ಮತ್ತೆ ಬೆಳೆಯುತ್ತದೆ. ಗದೆ ಹಾಗಲ್ಲ, ಒಂದೊಂದೂ ಬಿಡಿ ಪ್ರಾಣಿ, ಆ ಮಟ್ಟಿಗೆ ಪುಣ್ಯ. ಆದರೂ ಕೊಲ್ಲಿತುಂಬ ಹರಡಿದ ಮೇಲೆ ಕೈಯಲ್ಲಿ ಆರಿಸಿ ಮುಗಿಸುವುದು ಅಂದರೆ ಗದ್ದೆಯ ಕಳೆಯನ್ನು ಕಣ್ಣು ಕಟ್ಟಿಕೊಂಡು ಕಿತ್ತ ಹಾಗೆ.

ಮಲ್ಪೆಗೆ ಬರುತ್ತಾ? ಈ ಜಾತಿ ಬಂದು ನೆಲೆಯೂರುವುದು ಕಷ್ಟ. ಇದು ತಣ್ಣೀರಿನ ಪ್ರಾಣಿ. ಹೆಪ್ಪುಗಟ್ಟುವ ನೀರಿನಲ್ಲೂ ಬದುಕುತ್ತದೆ. ನಮ್ಮ ಕರಾವಳಿಯ ನೀರು ವರ್ಷದ ಬಹುಕಾಲ 27ರಿಂದ 30 ಡಿಗ್ರಿ, ಅದಕ್ಕೆ ಅದು ಕುದಿಯುವ ಎಸರು. ಮೇಲಾಗಿ ನಮಗೆ ಮಳೆಗಾಲ ಇದೆ. ಜೂನ್ ಬಂತೆಂದರೆ ಕಾಳಿ, ಸ್ವರ್ಣಾ, ನೇತ್ರಾವತಿ ಎಲ್ಲ ಸೇರಿ ಅಳಿವೆಯ ನೀರನ್ನು ಹೆಚ್ಚುಕಡಿಮೆ ಸಿಹಿ ಮಾಡಿಬಿಡುತ್ತವೆ. ಉಪ್ಪು ತೀರಾ ಇಳಿದರೆ ಪಿಚಕಾರಿಗಳಿಗೆ ಉಳಿವಿಲ್ಲ. ನಮ್ಮ ಕಾರವಾರದ ಹಲಗೆಗಳೂ ಮಳೆಗಾಲ ಕಳೆದ ಮೇಲೆ ಎತ್ತಿದರೆ ಹೆಚ್ಚುಕಡಿಮೆ ಬೋಳು ಇರುತ್ತಿದ್ದವು, ಎಣಿಸುವ ಕೆಲಸ ತಪ್ಪಿತು ಅಂತ ಖುಷಿಪಡುತ್ತಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಬೇರೆ. ಆ 61 ದಿನಗಳಲ್ಲಿ ಅನೇಕ ಬೋಟುಗಳನ್ನು ಮೇಲೆಳೆದು, ಅಡಿ ಕೆರೆದು, ಬಣ್ಣ ಹೊಡೆಯುತ್ತಾರೆ. ಯಾರೂ ಇದನ್ನು ಯೋಚಿಸಿ ಮಾಡಿದ್ದಲ್ಲ, ಆದರೂ ಒಳ್ಳೆಯದೇ ಆಗಿದೆ.

ಅಂತ ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಬಿಸಿನೀರು ಇಷ್ಟಪಡುವ ಅಂಟುಜೀವಿಗಳು ಬೇಕಾದಷ್ಟಿವೆ. ಅಮೆರಿಕ ಖಂಡದ ಬಿಸಿ ಕರಾವಳಿಯ ಚರ್ರು ಮಸೆಲ್ ಪಕ್ಕದ ಕೇರಳದ ಹಿನ್ನೀರಿಗೆ ಆಗಲೇ ನುಗ್ಗಿದೆ. ಅಷ್ಟಮುಡಿ ಕೆರೆಯಲ್ಲಿ ಚಿಪ್ಪು ಹೆಕ್ಕುವವರನ್ನು ಕೇಳಿದರೆ ಗೊತ್ತಾಗುತ್ತದೆ. ಮಲ್ಪೆಯವರು ಹೆದರುವುದಿದ್ದರೆ ಕೆನಡಾದ ಗದೆಗಲ್ಲ, ಅದಕ್ಕೆ ಹೆದರಲಿ.

ಕೊನೆಗೆ ತಿನ್ನುವ ವಿಷಯ. ತಿನ್ನಬಹುದು! ಕೊರಿಯಾದಲ್ಲಿ ಇದಕ್ಕೆ ಮಿದೊದೊಕ್ ಅಂತ ಹೆಸರು, ದುಡ್ಡು ಕೊಟ್ಟು ತಿನ್ನುತ್ತಾರೆ. ದಕ್ಷಿಣ ತೀರದ ಚಾಂಗ್‌ವನ್ ನಗರದ ಜಿಂದೋಂಗ್ ಇದಕ್ಕೆ ಹೆಸರುವಾಸಿ, ಇದರ ಹೆಸರಿನಲ್ಲಿ ಹಬ್ಬವನ್ನೇ ಮಾಡುತ್ತಾರೆ. ಒಂದು ಕಡೆ ವಿನೆಗರ್ ಹೊಡೆದು ಕೊಲ್ಲುವ ಪ್ರಾಣಿಯನ್ನು ಇನ್ನೊಂದು ಕಡೆ ಹಗ್ಗ ಕಟ್ಟಿ ಸಾಕುತ್ತಾರೆ ನೋಡಿ. ಗಟ್ಟಿ ಚರ್ಮ ಸುಲಿದು, ಖಾರದ ಮೀನು ಪಲ್ಯಕ್ಕೋ ಸಾರಿಗೋ ಹಾಕುತ್ತಾರೆ. ಕಚ್ಚಿದರೆ ಪಟಕ್ಕನೆ ಒಡೆದು ಒಳಗಿನ ಕುದಿಯುವ ರಸ ಬಾಯಿತುಂಬ ಚಿಮ್ಮುತ್ತದೆ. ನಾಲಿಗೆ ಸುಟ್ಟುಕೊಳ್ಳದ ಕೊರಿಯನ್ನರಿಲ್ಲ ಅಂತ ತಮಾಷೆ. ಸತ್ತ ಮೇಲೂ ಪಿಚಕಾರಿ ಬಿಡುವುದಿಲ್ಲ.

ಉಸಿರಾಟದ ತೊಂದರೆ ಇರುವವರು ಮಾತ್ರ ರಾಶಿಗಟ್ಟಲೆ ಬಿಡಿಸುವ ಕೆಲಸಕ್ಕೆ ಹೋಗಬಾರದು. ಜಪಾನಿನ ಹಿರೋಶಿಮಾದಲ್ಲಿ ಗಾಳಿಯಾಡದ ಶೆಡ್ಡುಗಳಲ್ಲಿ ಕೂತು ಸಿಂಪಿ ಒಡೆಯುವವರಿಗೆ, ಸಿಂಪಿಗೆ ಅಂಟಿದ ಪಿಚಕಾರಿಗಳ ರಸ ಸಿಡಿದು ಸಿಡಿದು ಉಬ್ಬಸ ಬರುತ್ತಿತ್ತು. ಅದಕ್ಕೆ ‘ಹೊಯಾ ಉಬ್ಬಸ’ ಅಂತಲೇ ಹೆಸರು ಬಿತ್ತು. ಹೊಯಾ ಅಂದರೆ ಜಪಾನಿಯಲ್ಲಿ ಕಡಲ ಪಿಚಕಾರಿ. ನಿಮ್ಮ ಮಗಳು ಒಂದು ಹಿಸುಕಿದ್ದಕ್ಕೆ ಚಿಂತೆ ಬೇಡ.

ಆದರೆ ಆ ದಕ್ಕೆಯ ಹಗ್ಗದಿಂದ ಕಿತ್ತು ಅಡುಗೆ ಮಾಡುವುದು ಬೇಡ ಅಂತ ಹೇಳಿ. ಬಂದರಿನ ನೀರಿನಲ್ಲಿ ತಾಮ್ರದ ಬಣ್ಣ, ಡೀಸೆಲ್ ಎಲ್ಲ ಇರುತ್ತದೆ, ಇದು ಅದನ್ನೇ ಹಗಲೂರಾತ್ರಿ ಸೋಸಿ ಕೂತಿರುವ ಪ್ರಾಣಿ. ಬದಲಿಗೆ ಅಲ್ಲೇ ಅಂಗಡಿಯಲ್ಲಿ ಸಿಗುವ ಮಸೆಲ್ ಎರಡು ಕೆಜಿ ತಂದು, ನಿಮ್ಮ ಮನೆಯ ಪಚ್ಚಿಲೆ ಸುಕ್ಕದ ಮಸಾಲೆ ಹಾಕಿ ಮಾಡಿ ನೋಡಲಿ. ಚಿಪ್ಪಿನ ಮೇಲೆ ಪಿಚಕಾರಿಯ ತೊಟ್ಟು ಒಂದೆರಡು ಉಳಿದಿರಬಹುದು, ಚಾಕುವಿನಲ್ಲಿ ಕೆರೆದು ಕಸದ ಬುಟ್ಟಿಗೆ ಹಾಕಿದರಾಯಿತು.